ದೊರೆಯ ಕೆನ್ನೆಯ ಗುಳ್ಳೆ

ದೊರೆ ಫಾಲ್ವೆಯ ಬಲಗೆನ್ನೆಯ ಮೇಲೆ ಬೆಳ್ಳಂಬೆಳಿಗ್ಗೆಯೇ ಒಂದು ಗುಳ್ಳೆ ಎದ್ದಿತ್ತು. ನೀರಿನ ತೊಟ್ಟಿಗೆ ಬಗ್ಗಿ ನೋಡಿಕೊಂಡ. ಕರೆಯದೆ ಬಂದ ನೆಂಟನ ಹಾಗೆ ಅದು ಚೆನ್ನಾಗಿ ಊರಿಕೊಂಡು ಕೂತಿತ್ತು. ಸದ್ಯಕ್ಕೆ ಹೊರಡುವ ಲಕ್ಷಣ ಇರಲಿಲ್ಲ.

ಬೇರೆ ಯಾರ ಕೆನ್ನೆಯಾಗಿದ್ದರೂ ಒಂದಿಷ್ಟು ಬೆಣ್ಣೆ ಸವರಿ ಮರೆತುಬಿಡಬಹುದಿತ್ತು. ದೊರೆಯ ಕೆನ್ನೆಗೆ ಆ ಭಾಗ್ಯವಿಲ್ಲ. ಆ ಕಾಲದ ಐರ್ಲೆಂಡಿನಲ್ಲಿ ದೊರೆಯ ಮುಖದ ಮೇಲೆ ಗುಳ್ಳೆ ಎದ್ದಿತೆಂದರೆ, ಯಾವನೋ ಕವಿ ಅವನ ಜಿಪುಣತನದ ಮೇಲೆ ಬೈಗುಳದ ಪದ್ಯ ಕಟ್ಟಿದ್ದಾನೆ ಎಂದೇ ಅರ್ಥ. ಪದ್ಯ ನಿಜವಾದರೆ ದೊರೆಗೆ ಗುಳ್ಳೆ, ಸುಳ್ಳಾದರೆ ಕವಿಗೇ ಗುಳ್ಳೆ. ಪದ್ಯದ ಗುಳ್ಳೆ ಎದ್ದ ದೊರೆ ಪೀಠ ಬಿಟ್ಟು ಇಳಿಯಬೇಕು. ಅಂದು ಮಧ್ಯಾಹ್ನವೇ ಸುಗ್ಗಿಯ ಸಭೆ. ದಿಬ್ಬದ ಕಲ್ಲಿನ ಮೇಲೆ ನಿಂತು ಅವನು ಊರಿಗೆಲ್ಲ ಮುಖ ತೋರಿಸಬೇಕಿತ್ತು.

ಫಾಲ್ವೆಯದೇನೂ ದೊಡ್ಡ ರಾಜ್ಯವಲ್ಲ. ಈ ಗಡಿಯಲ್ಲಿ ನಾಯಿ ಬೊಗಳಿದರೆ ಆ ಗಡಿಯ ನಾಯಿ ಉತ್ತರ ಕೊಡುತ್ತಿತ್ತು. ಗುಡ್ಡದಾಚೆ ಇನ್ನೊಬ್ಬ ದೊರೆ, ಹೊಳೆಯಾಚೆ ಮತ್ತೊಬ್ಬ. ಆದರೂ ದೊರೆ ದೊರೆಯೇ. ಗುದ್ದಲಿ ಹಿಡಿದರೆ ಮಾನ ಹೋಯಿತು, ಕೊಡಲಿ ಹಿಡಿದರೂ ಹೋಯಿತು. ಕೆಲಸವಿಲ್ಲದ ಕೈ ಸುಮ್ಮನಿರುತ್ತದೆಯೇ? ಆ ದಿನ ಇಬ್ಬನಿ ಆರುವ ಮೊದಲೇ ಅದು ಪಕ್ಕದ ಮನೆಯ ವಿಧವೆ ಲಸ್ಸಾರಳ ಜೇನುಬುಟ್ಟಿಯೊಳಗೆ ಹೋಗಿತ್ತು. ಒಂದೇ ಒಂದು ಬೆರಳು. ಆ ಬೆರಳು ನಾಲಗೆಗೆ ತಾಕುವ ಮೊದಲೇ ಹುಳವೊಂದು ಬಂದು ಕೆನ್ನೆಗೆ ಮುದ್ರೆ ಒತ್ತಿತು.

ಕಳ್ಳ ಎನ್ನಿಸಿಕೊಳ್ಳುವುದೋ, ಜಿಪುಣ ಎನ್ನಿಸಿಕೊಳ್ಳುವುದೋ? ಎರಡೂ ಬೇಡವೆಂದು ಫಾಲ್ವೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಹಲ್ಲುನೋವು ಎಂದು ಹೇಳಿದ.

ಹೆಂಡತಿ ರೋನಾತ್ ನೀರಿಗೆ ಹೋಗಿ ಬರುವಷ್ಟರಲ್ಲಿ ದೊರೆಯ ಹಲ್ಲು ಊರಿನ ಹಲ್ಲಾಗಿತ್ತು. ಒಬ್ಬಳು ಪಾಚಿ ತಂದಳು, ಒಬ್ಬ ಕತ್ತೆಯ ಹಾಲು ತಂದ. ಮತ್ತೊಬ್ಬ ಏನೂ ತರದೆ, ತನ್ನ ಅತ್ತೆ ಹಲ್ಲುನೋವಿನಿಂದಲೇ ಸತ್ತ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಕೊನೆಗೆ ಕಮ್ಮಾರ ಇಕ್ಕಳ ಹಿಡಿದು ಬಂದ. ಇಬ್ಬರು ತೋಳು ಹಿಡಿದರು, ಒಬ್ಬ ಎದೆಯ ಮೇಲೆ ಕೂತ. ಬೇಡ ಎನ್ನಲು ಫಾಲ್ವೆ ಬಾಯಿ ತೆರೆದದ್ದೇ ತಪ್ಪಾಯಿತು. ಗಟ್ಟಿಮುಟ್ಟಾದ ದವಡೆಹಲ್ಲೊಂದು ಹೊರಗೆ ಬಂತು. ಅದರ ಜೊತೆಗೆ ಬಟ್ಟೆಯೂ ಬಂತು.

ಕಮ್ಮಾರ ಹಲ್ಲನ್ನೊಮ್ಮೆ, ಗುಳ್ಳೆಯನ್ನೊಮ್ಮೆ ನೋಡಿ, ಹಲ್ಲನ್ನು ಮೆಲ್ಲಗೆ ದೊರೆಯ ಅಂಗೈಯಲ್ಲೇ ಇಟ್ಟ.

ರೋನಾತ್ ಗಂಡನನ್ನು ಮೂಲೆಗೆ ಕರೆದಳು. "ಯಾವ ಕವೀನ ಬರಿ ಹೊಟ್ಟೇಲಿ ಕಳಿಸಿದ್ರಿ?" ಎಂದು ಕೇಳಿದವಳು, ಉತ್ತರಕ್ಕೂ ಕಾಯದೆ ತಾನೇ ಬಿಳಿಚಿಕೊಂಡಳು. "ಅಯ್ಯೋ, ನಾನೇ ಕಣ್ರೀ. ಮೊನ್ನೆ ಆ ಫಿಂಟಾನ್ ಬಂದಿದ್ನಲ್ಲ. ಒಲೆ ಆರಿತ್ತು, ದನ ಬೇರೆ ಕರು ಹಾಕ್ತಿತ್ತು. ತಣ್ಣನೆ ಗಂಜಿ ಕೊಟ್ಟು ಕಳಿಸ್ಬಿಟ್ಟೆ."

ಫಾಲ್ವೆ ಆಗಲೇ ನಿಜ ಹೇಳಿಬಿಡಬೇಕಿತ್ತು. ಆದರೆ ಬಾಗಿಲಲ್ಲಿ ಲಸ್ಸಾರ್ ನಿಂತಿದ್ದಳು, ಪಾಪ, ಗುಳ್ಳೆ ಕಂಡದ್ದೇ ಮನೆಗೆ ಓಡಿ, ಹಚ್ಚಲು ಸೊಪ್ಪು ಅರೆದುಕೊಂಡು ಬಂದಿದ್ದಳು. ಅವಳ ಮುಖ ನೋಡಿ ಅವನ ನಾಲಗೆ ಹಲ್ಲು ಹೋದ ಗುಂಡಿಯೊಳಗೇ ಅಡಗಿಕೊಂಡಿತು.

ಕವಿ ಫಿಂಟಾನ್ ಊರು ಬಿಟ್ಟಿರಲಿಲ್ಲ. ಅವನನ್ನು ಕೈಹಿಡಿದು ಕರೆತಂದರು. ಅವನು ದೊರೆಯ ಮೇಲೆ ಯಾವ ಪದ್ಯವನ್ನೂ ಕಟ್ಟಿರಲಿಲ್ಲ; ಹದಿನೈದು ವರ್ಷದಿಂದ ಊರೂರು ತಿರುಗಿದರೂ ಅವನ ಪದ್ಯಕ್ಕೆ ಯಾರ ಮೈಮೇಲೂ ಒಂದು ಬೆವರುಸಾಲೆ ಎದ್ದಿರಲಿಲ್ಲ. ದೊರೆಯ ಕೆನ್ನೆ ನೋಡಿದ್ದೇ ಅವನ ಕಣ್ಣು ತುಂಬಿ ಬಂತು. ಮೊದಲ ಮಗುವನ್ನು ಎತ್ತಿಕೊಂಡ ತಂದೆಯ ಹಾಗೆ ಗುಳ್ಳೆಯ ಸುತ್ತ ಬೆರಳಾಡಿಸಿ, "ನಂದೇ" ಎಂದ.

ಅದು ಸುಳ್ಳೆಂದು, ಕವಿಯನ್ನು ಬಿಟ್ಟರೆ, ಆ ಮನೆಯಲ್ಲಿ ಫಾಲ್ವೆ ಒಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡುವಂತಿರಲಿಲ್ಲ. ಕವಿ ಒಲಿದು ಹೊಗಳಿದರೆ ಗುಳ್ಳೆ ಮಾಯುತ್ತದೆಂದು ಹೊಗೆಯಲ್ಲಿ ಒಣಗಿಸಿಟ್ಟಿದ್ದ ಹಂದಿಮಾಂಸ ಇಳಿಯಿತು, ಬೆಣ್ಣೆಯ ಗಡಿಗೆ ಖಾಲಿಯಾಯಿತು, ದೊರೆಯ ಹೊಸ ಶಾಲು ಕವಿಯ ಹೆಗಲಿಗೆ ಹೋಯಿತು. ಕವಿ ತೇಗಿ, ಹೊಗಳಿಕೆಯ ಪದ್ಯ ಹಾಡಿದ. ಗುಳ್ಳೆ ಇಳಿಯುವ ಬದಲು ಹೊಗಳಿಕೆಗೆ ಉಬ್ಬಿದಂತೆ ಇನ್ನಷ್ಟು ಉಬ್ಬಿತು. ಮಧ್ಯಾಹ್ನದ ಹೊತ್ತಿಗೆ ದೊರೆಯ ಒಂದು ಕಣ್ಣೇ ಮುಚ್ಚಿಹೋಯಿತು.

ದಿಬ್ಬದ ಮೇಲೆ ಜನ ಸೇರಿತ್ತು. ನ್ಯಾಯ ಹೇಳುವ ಮುದುಕ ಬ್ರೆಕಾನ್ ಆತುರಗಾರನಲ್ಲ. ಹೇನು ಹೆಕ್ಕುವವರ ಹಾಗೆ ಒಂದೊಂದೇ ಮಾತು ಹೆಕ್ಕಿ ನೋಡುವವನು. ಗುಳ್ಳೆಯನ್ನು ಎರಡು ಕಡೆಯಿಂದಲೂ ನೋಡಿ ಅವನು, ಪೀಠದ ಮಾತು ಆಮೇಲೆ, ಮೊದಲು ಆ ಪದ್ಯ ಏನೆಂದು ಕೇಳೋಣ ಎಂದ.

ಫಿಂಟಾನ್ ಗಂಟಲು ಸರಿಮಾಡಿಕೊಂಡ. ಇಲ್ಲದ ಪದ್ಯವನ್ನು ನಿಂತ ನಿಲುವಿನಲ್ಲೇ ಹುಟ್ಟಿಸಬೇಕಾಯಿತು. ಹೊಟ್ಟೆ ತುಂಬಿದ್ದಕ್ಕೋ ಏನೋ, ಹುಟ್ಟಿತು.

"ಫಾಲ್ವೆಯ ಮನೆ ಗಂಜಿ ಕಲ್ಲಿನಷ್ಟು ತಣ್ಣಗೆ,
ಬಟ್ಟಲ ತಳ ಕಾಣುವಷ್ಟು ತೆಳ್ಳಗೆ;
ನೊಣ ಬಿದ್ದರೆ ಬಂದವರಿಗೆ ಹಬ್ಬ,
ಅದನ್ನೂ ಹಿಂಡಿ ನೆಕ್ಕುವ ದೊರೆ ಒಬ್ಬ."

ಜನ ನಗಬಾರದೆಂದು ಬಿಗಿಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕೆನ್ನುವುದೇ ತಡ, ದಿಬ್ಬಕ್ಕೆ ದಿಬ್ಬವೇ ನಕ್ಕಿತು. ಮಕ್ಕಳಿಗೆ ಒಂದೇ ಸಲಕ್ಕೆ ಬಾಯಿಪಾಠವಾಯಿತು.

ಫಾಲ್ವೆ ನಗುವವರನ್ನು ನೋಡಲಿಲ್ಲ. ರೋನಾತ್‌ಳನ್ನು ನೋಡಿದ. ಅವಳು ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಇಪ್ಪತ್ತು ವರ್ಷ ಬಂದವರಿಗೆಲ್ಲ ಬಿಸಿಬಿಸಿ ಬಡಿಸಿದ ಕೈ ಅದು. ಒಂದು ದಿನ ಒಲೆ ಆರಿದ್ದಕ್ಕೆ ಇಷ್ಟು ಜನರ ಮುಂದೆ ಹೀಗೆ ನಿಂತಿತ್ತು.

"ಗಂಜೀದಲ್ಲ ಈ ಗುಳ್ಳೆ," ಎಂದ ಫಾಲ್ವೆ. ದನಿ ತನಗೇ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದ. "ಜೇನುಹುಳ ಕಚ್ಚಿದ್ದು. ಬೆಳಿಗ್ಗೆ ಲಸ್ಸಾರಮ್ಮನ ಬುಟ್ಟಿಗೆ ಕೈ ಹಾಕಿದ್ದೆ. ಕದಿಯೋಕೆ."

ನಗು ಒಮ್ಮೆಗೇ ನಿಂತಿತು. ಲಸ್ಸಾರ್ ಕೈಯಲ್ಲಿದ್ದ ಸೊಪ್ಪನ್ನೇ ನೋಡುತ್ತ, "ಕೇಳಿದ್ರೆ ಒಂದು ಬಟ್ಟಲೇ ಕೊಡ್ತಿದ್ನಲ್ಲಪ್ಪ," ಎಂದಳು. ಅವಳು ನಾಲ್ಕು ಬಾರಿಸಿದ್ದರೆ ಫಾಲ್ವೆಗೆ ಸಮಾಧಾನವಾಗುತ್ತಿತ್ತು.

ಬ್ರೆಕಾನ್ ಯೋಚಿಸಿದ. ಜೇನಿನವಳ ದೂರು ಇಲ್ಲ, ಹಾಗಾಗಿ ಕಳವಿನ ಮಾತು ಇಲ್ಲಿಗೆ ಮುಗಿಯಿತು ಎಂದ. ಹುಳ ಕಚ್ಚಿದ ಗುಳ್ಳೆಗೆ ಪೀಠ ಹೋಗುವುದಿಲ್ಲ ಎಂದೂ ಹೇಳಿದ. ಫಾಲ್ವೆ ಉಸಿರು ಬಿಟ್ಟ. ರೋನಾತ್ ತಲೆಯೆತ್ತಿದಳು. ಶಾಲು ಹೊದ್ದ ಕವಿ ಜನರ ಮಧ್ಯದಿಂದ ಮೆಲ್ಲಗೆ ಜಾರತೊಡಗಿದ.

"ತಡೀರಿ," ಎಂದ ಬ್ರೆಕಾನ್. "ಪದ್ಯ ಮೊನ್ನೆ ಕಟ್ಟಿದ್ದಲ್ಲ ಅನ್ನೋದು ಸರಿ. ಆದ್ರೆ ಈಗ ಕಟ್ಟಿ ಆಯ್ತಲ್ಲ? ಇಷ್ಟು ಜನ ಕೇಳಿದೀವಿ. ಅಂದ್ಮೇಲೆ ಅದರ ಗುಳ್ಳೆ ಇನ್ನು ಬರಬೇಕು. ಇವನಿಗೋ ಅವನಿಗೋ."

ಹೊತ್ತು ಮುಳುಗುವವರೆಗೆ ದೊರೆಯೂ ಕವಿಯೂ ಕಲ್ಲಿನ ಮೇಲೆ ನಿಲ್ಲಬೇಕು, ಇಬ್ಬರೂ ಮುಖ ಮುಚ್ಚಕೂಡದು ಎಂದು ತೀರ್ಪಾಯಿತು. ಫಿಂಟಾನ್‌ನ ಎರಡು ಕೈಯೂ ತಾನಾಗಿ ಅವನ ಕೆನ್ನೆ ತಡವಿಕೊಂಡವು. ಊರಿನವರು ಸಾಲಾಗಿ ಬಂದು, ಸಂತೆಯಲ್ಲಿ ದನದ ಹಲ್ಲು ನೋಡುವವರಂತೆ ಇಬ್ಬರ ಮುಖವನ್ನೂ ನೋಡಿಕೊಂಡು ಹೋದರು. ಲಸ್ಸಾರ್ ಬಂದಾಗ ಫಾಲ್ವೆಗೆ ತೆರೆದಿದ್ದ ಒಂದು ಕಣ್ಣನ್ನೂ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊನೆಗೆ ರೋನಾತ್ ಬಂದಳು. ಗಂಡನ ಮುಖವನ್ನು ಹತ್ತಿರದಿಂದ ನೋಡಿ ದನಿ ತಗ್ಗಿಸಿದಳು.

"ಎಡಗೆನ್ನೆ ಯಾಕೋ ಕೆಂಪಾಗ್ತಿದೆಯಲ್ರೀ."

"ಸುಮ್ನಿರೇ," ಎಂದ ಫಾಲ್ವೆ. "ಅದು ನಾಚಿಕೆ."

ಆದರೆ ಬ್ರೆಕಾನ್‌ನ ಕಿವಿ ಚುರುಕು. ಅವನು ಆಗಲೇ ಕೋಲೂರಿಕೊಂಡು ಕಲ್ಲು ಹತ್ತುತ್ತಿದ್ದ.