ಬಾಲದಿಂದ ಬರೆದ ಅಂಜಲ್

ಮೀನಿನ ಚಿತ್ರ ಬರೆಯುವುದು ಸುಲಭದ ಕೆಲಸ ಎಂದು ನಾನು ನಂಬಿದ್ದೆ. ಮೀನು ಕುರ್ಚಿಯಲ್ಲಿ ಕೂತ ಮನುಷ್ಯನ ಹಾಗೆ ಅಲುಗಾಡುವುದಿಲ್ಲ. ನಡುವೆ ಎದ್ದು ಚಾ ಕೇಳುವುದಿಲ್ಲ. ಮುಗಿದ ಮೇಲೆ ‘ನನ್ನ ಮೂಗು ಹೀಗಿದೆಯಾ’ ಎಂದು ತಕರಾರು ತೆಗೆಯುವುದಿಲ್ಲ. ಇಷ್ಟು ಸಹಕಾರ ಕೊಡುವ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಒಬ್ಬ ಮನುಷ್ಯ ಒಂದು ಹೊಸ ಹೋಟೆಲನ್ನೇ ಮುಳುಗಿಸುವ ಹಂತಕ್ಕೆ ಹೇಗೆ ತಂದ ಎಂಬುದನ್ನು, ನಡೆದದ್ದು ನಡೆದ ಕ್ರಮದಲ್ಲೇ ಇಲ್ಲಿ ನಮೂದಿಸುತ್ತೇನೆ.

ನಾನು ವಿಮಾ ಕಂಪೆನಿಯೊಂದರ ಪರವಾಗಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆಯುತ್ತಿದ್ದವನು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯಲ್ಲಿ ಯಾವ ಲಾರಿ ಯಾವ ಮರಕ್ಕೆ ಗುದ್ದಿದರೂ ನಾನು ಹೋಗಿ ನೋಡಬೇಕಿತ್ತು. ಆ ಕೆಲಸಕ್ಕೆ ನಾನೇ ಮಾಡಿಕೊಂಡ ಎರಡು ನಿಯಮಗಳಿದ್ದವು. ಒಂದು, ಕಂಡದ್ದನ್ನು ಮಾತ್ರ ಬರೆಯಬೇಕು, ಊಹಿಸಿ ಬರೆಯಬಾರದು. ಇನ್ನೊಂದು, ಹಿಂದಿನ ಬಂಪರಿನಿಂದ ಶುರುಮಾಡಿ ಮುಂದಕ್ಕೆ ಬರಬೇಕು. ಮುಂದಿನಿಂದ ಶುರುಮಾಡಿದರೆ ಜಜ್ಜಿಹೋದ ಮುಖ ನೋಡಿಯೇ ಕಣ್ಣು ದಣಿದು, ಹಿಂದಿನ ಸಣ್ಣ ಗೀರುಗಳು ಕಾಣುವುದೇ ಇಲ್ಲ. ಕೆಲಸ ಬಿಟ್ಟ ಮೇಲೆ ಮನೆಯ ಚಾವಡಿಯ ಒಂದು ಮೂಲೆಯಲ್ಲಿ ಕೂತು ಚಿತ್ರ ಬರೆಯತೊಡಗಿದೆ. ನಾನು ನಿವೃತ್ತನಾದೆ, ನಿಯಮಗಳು ಆಗಲಿಲ್ಲ.

ಈ ನಿಯಮಗಳಿಂದ ಕಲೆಗೆ ಆದ ಲಾಭದ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು. ಒಮ್ಮೆ ದಾಸವಾಳ ಬರೆಯಲು ಕೂತೆ. ಎಲೆಗಳು ಮುಗಿಯುವಷ್ಟರಲ್ಲಿ ಹೂವು ಮುದುಡಿತು. ಮುದುಡಿದ್ದನ್ನೇ ಬರೆದೆ. ಹೆಂಡತಿ ಜಲಜ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, “ಮೆಣಸಿನಕಾಯಿ ಚಂದ ಆಯಿತ್ತ್” ಎಂದಳು. ನಾನು ತಿದ್ದಲು ಹೋಗಲಿಲ್ಲ. ಹೊಗಳಿಕೆ ಅಪರೂಪಕ್ಕೆ ಬರುತ್ತದೆ.

ಹೀಗಿರುವಾಗ ಜಲಜಳ ತಮ್ಮ ಶೇಖರ ಮುಂಬೈಯಿಂದ ಬಂದ. ಅಲ್ಲಿ ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಬೇಸತ್ತು, ಇದ್ದಬದ್ದದ್ದನ್ನೆಲ್ಲ ಹಾಕಿ ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಸ್ವಂತದ್ದೊಂದು ಮೀನೂಟದ ಹೋಟೆಲು ಕಟ್ಟಿಸಿದ್ದ. ಅದು ನಡೆದರೆ ಊರು, ನಡೆಯದಿದ್ದರೆ ಮತ್ತೆ ಮುಂಬೈ ಎಂದು ಅವನೇ ಹೇಳಿದ್ದ. ಹೋಟೆಲು ತೆರೆಯುವ ಹಿಂದಿನ ವಾರ ನಮ್ಮ ಮನೆಗೆ ಬಂದವನು ನನ್ನ ಚಿತ್ರಗಳ ಎದುರು ನಿಂತ.

“ಬಾವ, ನನ್ ಗಲ್ಲಾದ ಹಿಂದಿನ್ ಗೋಡೆ ಖಾಲಿ ಇತ್ತ್. ಒಂದ್ ಅಂಜಲ್ ಬರ್ದ್ ಕೊಡಿ. ಏಕ್‌ದಂ ದೊಡ್ಡದ್. ಬಂದವ್ರಿಗೆ ಕಂಡ ಕೂಡ್ಲೆ ಬಾಯಂಗೆ ನೀರ್ ಬರ್ಕ್.”

ಅದುವರೆಗೆ ನನ್ನ ಹತ್ತಿರ ಚಿತ್ರ ಬೇಕೆಂದು ಕೇಳಿದವರು ಯಾರೂ ಇರಲಿಲ್ಲ. ಬೇಡವೆಂದವರು ಇದ್ದರು. ನಾನು ತಕ್ಷಣ ಒಪ್ಪಿದೆ. ಒಂದು ಷರತ್ತು ಮಾತ್ರ ಹಾಕಿದೆ, ಫೋಟೊ ನೋಡಿ ಬರೆಯುವವನಲ್ಲ ನಾನು, ಮೀನು ಎದುರಿಗೇ ಇರಬೇಕು.

ಶನಿವಾರ ಬೆಳಿಗ್ಗೆ ಶೇಖರ ಗಂಗೊಳ್ಳಿಯಿಂದ ಒಂದು ಅಂಜಲ್ ತಂದು ನಮ್ಮ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿಸಿದ. ನನ್ನ ತೋಳಿಗಿಂತ ಉದ್ದವಿತ್ತು.

“ಈಗ ಬೋಟಿಂದ ಇಳ್ಸದ್ದ್. ಕಣ್ಣ್ ಕಾಣಿ, ಕನ್ನಡಿ ಹಾಂಗಿತ್ತ್. ಮಧ್ಯಾಹ್ನದೊಳ್ಗೆ ಬರ್ದ್ ಮುಗ್ಸಿ, ಮತ್ತೆ ಅಕ್ಕ ಪದಾರ್ಥ ಮಾಡ್ಲಿ.”

“ಮಧ್ಯಾಹ್ನದೊಳ್ಗಾ?” ಎಂದಳು ಜಲಜ. “ನಿನ್ ಬಾವ ಮಧ್ಯಾಹ್ನದೊಳ್ಗೆ ಪೆನ್ಸಿಲ್ ಕೆತ್ತಿ ಮುಗ್ಸುದ್.” ಹಾಗೆ ಹೇಳಿ ಬೇಳೆ ಬೇಯಿಸಲು ಒಳಗೆ ಹೋದಳು.

ನಾನು ಬಾಲದಿಂದ ಶುರುಮಾಡಿದೆ.

ಓದುಗರು ಒಮ್ಮೆ ಒಂದು ಅಂಜಲಿನ ಎದುರು ಸುಮ್ಮನೆ ಕೂತು ನೋಡಬೇಕು. ಅದಕ್ಕೆ ಬೆಳ್ಳಿಯ ಬಣ್ಣ ಎಂದು ಎಲ್ಲರೂ ಹೇಳುತ್ತಾರೆ. ನೋಡುತ್ತ ಹೋದರೆ ಅಲ್ಲಿ ಬೆಳ್ಳಿ ಎಲ್ಲೂ ಇಲ್ಲ. ಬೆನ್ನಿನ ಕಡೆ ನೀಲಿ, ಅದರ ಕೆಳಗೆ ಎಳೆಯ ಹಸಿರು, ಅದರೊಳಗೆ ನಮ್ಮ ಕಿಟಕಿಯ ಸರಳುಗಳು, ಸರಳುಗಳ ನಡುವೆ ನನ್ನ ಕೆಂಪು ಬನಿಯನ್ನು. ನಾನು ಕೈ ಎತ್ತಿದರೆ ಮೀನಿನ ಮೈಯಲ್ಲೂ ಒಂದು ಕೆಂಪು ಚೂರು ಏಳುತ್ತಿತ್ತು. ಈ ಬಣ್ಣ ಮೀನಿನದೋ ನನ್ನದೋ ಎಂದು ತೀರ್ಮಾನವಾಗದೆ ಬಹಳ ಹೊತ್ತು ಕುಂಚ ಹಿಡಿದುಕೊಂಡೇ ಕೂತಿದ್ದೆ. ಸಂಜೆಗೆ ಬಾಲ ಮತ್ತು ಅದರ ಮುಂದಿನ ಒಂದು ಗೇಣು ಮುಗಿಯಿತು. ಜಲಜ ಬಂದು ಬಗ್ಗಿ ನೋಡಿದಳು.

“ಹ್ವಾಯ್, ಬಾಲ ಲಾಯ್ಕ್ ಆಯಿತ್ತ್. ಮುಟ್ಟಿರೆ ಜಾರತ್ತೇನೊ.”

ಮೆಣಸಿನಕಾಯಿಯ ನಂತರ ನನಗೆ ಸಿಕ್ಕಿದ ಮೊದಲ ಪ್ರಶಂಸೆ ಅದು. ಆ ಹುರುಪಿನಲ್ಲೇ ಫ್ರಿಜ್ಜಿನ ಎರಡು ತಟ್ಟೆ ತೆಗೆದು, ಹಾಲು ಮೊಸರುಗಳನ್ನು ಹೊರಹಾಕಿ, ಮೀನನ್ನು ಓರೆಯಾಗಿ ಒಳಗೆ ನಿಲ್ಲಿಸಿದೆ. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಹಗ್ಗ ಕಟ್ಟಿದೆ.

ಆದಿತ್ಯವಾರ ಬೆಳಿಗ್ಗೆ ಹೋದ ಕರೆಂಟು ಸಂಜೆಯವರೆಗೆ ಬರಲಿಲ್ಲ. ನನಗೇನು, ನಾನು ಕಿಟಕಿಯ ಬೆಳಕಿನಲ್ಲಿ ಬರೆಯುವವನು. ಹೊಟ್ಟೆಯ ಭಾಗ ಎತ್ತಿಕೊಂಡೆ. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ನಿನ್ನೆ ಇದ್ದ ನೀಲಿ ಇರಲಿಲ್ಲ. ಹಸಿರೂ ಇರಲಿಲ್ಲ. ನನ್ನ ಬನಿಯನ್ನಿನ ಕೆಂಪು ಕಾಣಲೇ ಇಲ್ಲ, ಬನಿಯನ್ನು ಅದೇ ಆಗಿದ್ದರೂ. ಮೀನಿನ ಮೈಯಿಂದ ಕಿಟಕಿ ಎದ್ದು ಹೋಗಿತ್ತು. ಆ ಜಾಗದಲ್ಲಿ ಒಲೆಯ ಬೂದಿಯ ಬಣ್ಣವಿತ್ತು. ಬಣ್ಣ ಎಲ್ಲಿಗೆ ಹೋಗುತ್ತದೆ? ಹೋಗುವುದಾದರೆ ಯಾವ ಕಡೆಯಿಂದ ಹೋಗುತ್ತದೆ? ಇದು ನನಗೆ ಇಂದಿಗೂ ತಿಳಿಯದ ವಿಷಯ. ಬೂದಿ ಬಣ್ಣವನ್ನು ಹದವಾಗಿ ಬೆರೆಸಿ, ಒಂದು ಕಡೆ ಇಳಿಬಿದ್ದಿದ್ದ ಹೊಟ್ಟೆಯನ್ನು ಇಳಿಬಿದ್ದಂತೆಯೇ ಬರೆದೆ.

“ಹ್ವಾಯ್, ಅದನ್ನ್ ಈಗಾರೂ ಕೊಡಿ,” ಎಂದಳು ಜಲಜ ಬಾಗಿಲಲ್ಲಿ ನಿಂತು. “ಖಾರ ಹಚ್ಚಿ ಕಾಯಿಸ್ತೆ. ನಾಳೆ ಆರೆ ಆತಿಲ್ಲೆ.”

“ಮಂಡೆ ಬಾಕಿ ಇತ್ತಲ್ದಾ?”

“ಮಂಡೆ ಬಾಕಿ ಇಪ್ಪುದ್ ಮೀನಿಗಲ್ಲ, ನಿಮ್ಗೆ.”

ಮಾರನೆಯ ದಿನ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ, ತರುವುದಿಲ್ಲ, ಇಡುವುದೂ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚುವ ಮೊದಲು ಜಲಜ ಮೀನು, ಚಿತ್ರ, ಚಿತ್ರಕಾರ ಮೂರನ್ನೂ ಒಟ್ಟಿಗೆ ಮನೆಯಿಂದ ಹೊರಹಾಕಿದಳು. ನಾನು ಬಾವಿಯ ಹತ್ತಿರದ ಸೌದೆ ಕೊಟ್ಟಿಗೆಗೆ ಸ್ಥಳಾಂತರಗೊಂಡೆ. ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು ಮೀನಿನ ಸುತ್ತ ಇಟ್ಟೆ. ಅದು ಕರಗಿತು. ಊರಿನ ಬೆಕ್ಕುಗಳು ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಸ್ವಲ್ಪ ಹೊತ್ತಿನಲ್ಲಿ ಅವೂ ಎದ್ದು ಹೋದವು. ನಾನು ಮುಖಕ್ಕೆ ಬೈರಾಸು ಕಟ್ಟಿಕೊಂಡು ಕೆಲಸ ಮುಂದುವರಿಸಿದೆ.

ಉಳಿದಿದ್ದದ್ದು ಕಣ್ಣು. ಶನಿವಾರ ಉಬ್ಬಿ ಹೊಳೆಯುತ್ತಿದ್ದ ಆ ಕಣ್ಣು ಈಗ ಒಳಗೆ ಇಳಿದಿತ್ತು. ಅದರ ಮೇಲೆ ಗಂಜಿ ತಿಳಿಯಂಥ ತೆಳ್ಳನೆಯ ಬಿಳಿ ಪೊರೆ ಕಟ್ಟಿತ್ತು. ಆ ಪೊರೆಯ ಅಡಿಯಲ್ಲಿ ಕಪ್ಪು ಇದ್ದೂ ಇಲ್ಲದ ಹಾಗೆ ಕಾಣಿಸುವುದನ್ನು ಬಣ್ಣದಲ್ಲಿ ತರುವುದು ಸಾಮಾನ್ಯದ ಕೆಲಸವಲ್ಲ. ನಾನು ತಂದೆ. ಆತ್ಮಪ್ರಶಂಸೆ ನನ್ನ ಸ್ವಭಾವವಲ್ಲ. ಆದರೂ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯುತ್ತಮ ಕಣ್ಣು ಅದು.

ಮೀನನ್ನು ತೆಂಗಿನ ಬುಡದಲ್ಲಿ ಹೂತೆ. ಚಿತ್ರ ಒಣಗಲೆಂದು ಕೊಟ್ಟಿಗೆಯಲ್ಲೇ ಬಿಟ್ಟೆ. ಆ ವಾಸನೆಗೆ ಜಲಜ ಅತ್ತ ಸುಳಿಯಲಿಲ್ಲ. ಹೋಟೆಲು ತೆರೆಯುವ ದಿನ ಬೆಳಿಗ್ಗೆ ಚಿತ್ರಕ್ಕೆ ಪಂಚೆ ಹೊದೆಸಿ ಆಟೋದಲ್ಲಿ ಒಯ್ದೆ. ಶೇಖರ ಒಂದು ಕಡೆ ಪುರೋಹಿತರನ್ನು, ಇನ್ನೊಂದು ಕಡೆ ಗ್ಯಾಸ್ ತಂದವನನ್ನು ಸುಧಾರಿಸುತ್ತಿದ್ದ. ಚೌಕಟ್ಟು ಗೋಡೆಗೆ ಸರಿಹೋಯಿತೇ ಎಂದಷ್ಟೇ ನೋಡಿ, “ಝಕಾಸ್, ಬಾವ” ಎಂದು ಅಡುಗೆಮನೆಗೆ ಓಡಿದ. ಹೀಗೆ, ಆ ಕಣ್ಣನ್ನು ನನ್ನ ಹೊರತು ಯಾರೂ ನೋಡದೆಯೇ ಅದು ಸಾರ್ವಜನಿಕರ ಎದುರು ಬಂತು.

ಮಧ್ಯಾಹ್ನ ಮೀನೂಟ ಶುರುವಾಯಿತು. ನಾನು ಚಿತ್ರದ ಕೆಳಗಿನ ಮೇಜಿನಲ್ಲಿ, ಯಾರಾದರೂ ಕೇಳಿದರೆ ಹೇಳಲು ಅನುಕೂಲವಾಗುವ ಹಾಗೆ ಕೂತಿದ್ದೆ. ಮೊದಲು ಬಂದವರು ಮೂವರು. ಮಾತಿನಿಂದ ಗಂಗೊಳ್ಳಿಯ ಬೋಟಿನವರೆಂದು ತಿಳಿಯಿತು. ಕೈ ತೊಳೆದು ಬಂದು ಕೂತವರು ತಲೆಯೆತ್ತಿದರು. ಅವರಲ್ಲೊಬ್ಬ ಎದ್ದು ಗಲ್ಲಾದವರೆಗೆ ನಡೆದು, ಚಿತ್ರದ ಹತ್ತಿರ ಮುಖ ಒಯ್ದು ನೋಡಿದ. ಊರಿನ ಜನ ಚಿತ್ರವನ್ನು ಇಷ್ಟು ಶ್ರದ್ಧೆಯಿಂದ ನೋಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಎದೆ ತುಂಬಿ ಬಂತು.

“ಕಣ್ಣ್ ಒಳ್ಗೆ ಹೋಯಿತ್ತ್ ಮಾರಾಯ,” ಎಂದ ಅವನು ವಾಪಸು ಬಂದು.

“ನಂಗೂ ಇಲ್ಲಿಂದ್ಲೇ ಕಂಡಿತ್ತ್. ಹೊಟ್ಟೆಯೂ ಬಿದ್ದಿತ್ತ್.”

“ಅಲ್ಲ, ಅದ್ ಚಿತ್ರ ಅಲ್ದಾ?” ಎಂದ ಮೂರನೆಯವನು.

“ಚಿತ್ರವೇ. ಕಾಣ್ದೆ ಬರಿಯುಕ್ ಆತ್ತಾ? ಒಳ್ಗೆ ಇಪ್ಪುದನ್ನ್ ಕಂಡೇ ಬರ್ದದ್ದ್.”

ಮೂವರೂ ಅಡುಗೆಮನೆಯ ಕಡೆ ಕತ್ತು ತಿರುಗಿಸಿ ನೋಡಿದರು. ಆಮೇಲೆ ಬಡಿಸುವವನಿಗೆ, “ಮೀನ್ ಬ್ಯಾಡ, ಬರೀ ಸಾರ್ ಊಟ ಸಾಕ್” ಎಂದರು.

ಅವರ ಹಿಂದೆ ಬಂದವರೂ ಹಾಗೆಯೇ. ತಲೆಯೆತ್ತುವುದು, ಕಣ್ಣು ನೋಡುವುದು, ಒಬ್ಬರ ಮುಖ ಒಬ್ಬರು ನೋಡುವುದು, ಸಾರು ಹೇಳುವುದು. ಈ ಕರಾವಳಿಯಲ್ಲಿ ಮೀನಿನ ಕಣ್ಣು ನೋಡದೆ ಮೀನು ಕೊಂಡವರು ಯಾರಿದ್ದಾರೆ? ನನ್ನ ಚಿತ್ರವನ್ನೂ ಅವರು ಮಾರ್ಕೆಟ್ಟಿನಲ್ಲಿ ಬುಟ್ಟಿಯ ಎದುರು ಬಗ್ಗಿದ ಹಾಗೆಯೇ ನೋಡುತ್ತಿದ್ದರು. ಒಳಗೆ ಅಂದೇ ಬೆಳಿಗ್ಗೆ ತಂದ ತಾಜಾ ಅಂಜಲ್ ಮಸಾಲೆ ಹಚ್ಚಿಕೊಂಡು ಕಾಯುತ್ತಿತ್ತು. ಹೊರಗೆ ಮೀನೂಟದ ಹೋಟೆಲಿನಲ್ಲಿ ಸಾರು ಖಾಲಿಯಾಯಿತು.

ಶೇಖರ ಗಲ್ಲಾದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆಯೇ ಕಾರಣ ನೇತಾಡುತ್ತಿದ್ದುದು ಅವನಿಗೆ ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಹೇಳಿದವರು ಅತ್ತೆ, ಅವನ ತಾಯಿ. ಮಗನ ಹೋಟೆಲಿನಲ್ಲಿ ಉಣ್ಣಲು ಜಲಜಳ ಜೊತೆ ಬಂದವರು, ಕನ್ನಡಕ ಒರೆಸಿ ಹಾಕಿಕೊಂಡು ಚಿತ್ರವನ್ನು ಬಾಲದಿಂದ ತಲೆಯವರೆಗೆ ನಿಧಾನವಾಗಿ ಓದಿದರು.

“ಬಾಲ ಇವತ್ತಿಂದ್,” ಎಂದರು. “ಹೊಟ್ಟೆ ನಿನ್ನೆದ್. ಮಂಡೆ ಮೊನ್ನೆದ್. ನಾ ಇಷ್ಟ್ ವರ್ಷ ಮೀನ್ ತಿಂದೆ. ಒಂದೇ ಮೀನಿಗೆ ಮೂರ್ ದಿನ ಆದ್ದ್ ಕಂಡದ್ದ್ ಇದೇ ಸುರು.”

ಶೇಖರ ತಿರುಗಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು.

ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷವಾಯಿತು. ನನ್ನ ಚಿತ್ರದಲ್ಲಿ ಶನಿವಾರ ಯಾವುದು, ಸೋಮವಾರ ಯಾವುದು ಎಂದು ಒಬ್ಬರು ಗುರುತು ಹಿಡಿದಿದ್ದರು. ಉಳಿದ ಮೂಲೆಗಳಲ್ಲಿ ನಡುಕವಿತ್ತು.

“ನಾಳೆ ಬೆಳಿಗ್ಗೆ ಸಮ ಮಾಡ್ತೆ, ಶೇಖರ. ಕಣ್ಣ್ ಒಂದ್ ಸಮ ಆರೆ ಆಯ್ತ್,” ಎಂದೆ.

ಆ ಚಿತ್ರವನ್ನು ಇಳಿಸಿ ಮನೆಗೆ ತಂದಿದ್ದರೆ ಈ ವರದಿ ಇಲ್ಲಿಗೆ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ, ಗೋಡೆಯಲ್ಲಿದ್ದ ಹಾಗೆಯೇ ಕಣ್ಣಿನ ಪೊರೆಯನ್ನು ಟರ್ಪೆಂಟೈನಿನಿಂದ ಒರೆಸಿದೆ. ನಿಯಮ ಮುರಿದು, ಎದುರಿಗೆ ಇಲ್ಲದ ಕಣ್ಣನ್ನು ಊಹಿಸಿ ಬರೆದೆ. ಕಪ್ಪು ತುಂಬಿದೆ, ಒಂದು ಬಿಳಿ ಚುಕ್ಕೆ ಇಟ್ಟೆ. ಕಣ್ಣು ಫಳಫಳ ಹೊಳೆಯಿತು. ಎಷ್ಟು ಹೊಳೆಯಿತೆಂದರೆ, ಸತ್ತ ಹೊಟ್ಟೆಯ ಮೀನೊಂದು ಗಿರಾಕಿಗಳನ್ನು ದಿಟ್ಟಿಸಿ ನೋಡತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಒಣಗಿರಲಿಲ್ಲ. ವಾಸನೆಯೂ ಹೋಗಿರಲಿಲ್ಲ. ನಿನ್ನೆ ಸಾರು ಉಂಡು ಹೋದ ಬೋಟಿನವರಲ್ಲೊಬ್ಬ ಬೇರೆ ಇಬ್ಬರನ್ನು ಕರೆದುಕೊಂಡು ಬಂದಿದ್ದ, ಉಣ್ಣಲಿಕ್ಕಲ್ಲ, ತೋರಿಸಲಿಕ್ಕೆ. ಒಳಗೆ ಕಾಲಿಟ್ಟವನು ಮೂಗು ಅರಳಿಸಿ ನಿಂತ.

“ಎಂತ ವಾಸ್ನೆ ಇದ್?” ಎಂದ. ಆಮೇಲೆ ಚಿತ್ರ ನೋಡಿದ. “ನಿನ್ನೆ ಕಣ್ಣ್ ಸತ್ತಿತ್ತ್. ಇವತ್ತ್ ಜೀವ ಬಂದಿತ್ತ್ ಕಾಣಿ. ಹೊಟ್ಟೆ ಮಾತ್ರ ಹಾಂಗೇ ಇತ್ತ್.”

“ಮದ್ದ್ ಹಾಕಿದ್ರ್,” ಎಂದ ಜೊತೆಯವನು.

ಸಂಜೆಯೊಳಗೆ ಕೋಟೇಶ್ವರದಲ್ಲಿ ಸುದ್ದಿಯಾಯಿತು. ಹೊಸ ಹೋಟೆಲಿನಲ್ಲಿ ಹಳೇ ಮೀನಿಗೆ ಎಂಥದ್ದೋ ಮದ್ದು ಹಾಕಿ ಹೊಸತು ಮಾಡುತ್ತಾರಂತೆ, ವಾಸನೆ ಬಾಗಿಲಿನವರೆಗೆ ಬರುತ್ತದಂತೆ. ಹಳೇ ಮೀನಿಗೆ ಮದ್ದು ಹಾಕಿ ಹೊಸತು ಮಾಡಿದವನು ನಾನೇ ಆದ್ದರಿಂದ, ಸುದ್ದಿ ಪೂರ್ತಿ ಸುಳ್ಳೆಂದು ಹೇಳುವ ಹಾಗೂ ಇರಲಿಲ್ಲ.

ಆ ದಿನವೇ ಶೇಖರ ಚಿತ್ರ ಇಳಿಸಿ ಅದೇ ಪಂಚೆಯಲ್ಲಿ ಸುತ್ತಿ ಕೊಟ್ಟ. ಮರುದಿನದಿಂದ ಹೋಟೆಲಿನ ಬಾಗಿಲಲ್ಲೇ ಒಂದು ದೊಡ್ಡ ತಟ್ಟೆ ಇಟ್ಟು, ಅದರಲ್ಲಿ ಮಂಜುಗಡ್ಡೆ ಹರಡಿ, ಬೆಳಿಗ್ಗೆ ತಂದ ಮೀನುಗಳನ್ನು ಎಲ್ಲರಿಗೂ ಕಾಣುವ ಹಾಗೆ ಜೋಡಿಸತೊಡಗಿದ. ಜನ ನಿಂತು ಬಗ್ಗಿದರು, ಕಿವಿರು ಎತ್ತಿದರು, ಕಣ್ಣು ನೋಡಿದರು, ಒಳಗೆ ಹೋಗಿ ಕೂತರು. ತಿಂಗಳು ಕಳೆಯುವಷ್ಟರಲ್ಲಿ ಮಧ್ಯಾಹ್ನ ಮೇಜು ಸಿಗದ ಹಾಗಾಯಿತು. ಶೇಖರ ಮುಂಬೈಗೆ ಹೋಗಲಿಲ್ಲ.

“ನಿಮ್ಮಿಂದ ಉಪಕಾರವೇ ಆಯ್ತ್, ಬಾವ,” ಎಂದ ಒಂದು ದಿನ. “ಆ ಚಿತ್ರ ಇಲ್ದಿದ್ರೆ ನಂಗೆ ತಟ್ಟೆ ಇಡುವ ಐಡಿಯಾ ಬತ್ತಿರಲಿಲ್ಲೆ.” ನಾನು ಇನ್ನೊಂದು ಬರೆದುಕೊಡಲೇ ಎಂದು ಕೇಳಿದೆ. ಅವನು ಅಡುಗೆಮನೆಯಿಂದ ಯಾರೋ ಕರೆದ ಹಾಗೆ ಎದ್ದು ಹೋದ. ಯಾರೂ ಕರೆದಿರಲಿಲ್ಲ.

ಚಿತ್ರ ಈಗ ಸೌದೆ ಕೊಟ್ಟಿಗೆಯಲ್ಲಿದೆ. ಮೀನು ಹೂತ ತೆಂಗು ಈ ಸಲ ಗೊನೆ ತುಂಬ ಹಿಡಿದಿದೆ. ಆ ಮೀನಿನಿಂದ ಹೊಟ್ಟೆ ತುಂಬಿದ್ದು ಅದೊಂದಕ್ಕೇ.

ಆಮೇಲೆ ನಾನು ಕೆಲವು ಕಾಲ ಕುಂಚ ಮುಟ್ಟಲಿಲ್ಲ. ನಾನು ಸುಮ್ಮನೆ ಕೂತಿರುವುದನ್ನು ಸಹಿಸುವುದು ಚಿತ್ರ ಸಹಿಸುವುದಕ್ಕಿಂತ ಕಷ್ಟವೆಂದು ಜಲಜಳಿಗೆ ಅನಿಸಿರಬೇಕು. ಬೇಸಿಗೆಯಲ್ಲಿ ತವರಿನ ಗದ್ದೆಯಿಂದ ಬಂದ ಸಾಂಬಾರಿನ ಸೌತೆಕಾಯಿಗಳನ್ನು ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕುತ್ತಿದ್ದವಳು, ಅದರಲ್ಲೊಂದನ್ನು ಆರಿಸಿ ತಂದು ನನ್ನ ಕಿಟಕಿಯ ಎದುರು ಕಟ್ಟಿದಳು. ಹಳದಿ ಮೈ, ಉದ್ದುದ್ದ ಹಸಿರು ಪಟ್ಟೆ, ಬೆಳಕು ಬಿದ್ದಾಗ ಪಟ್ಟೆಗಳ ನಡುವೆ ತೆಳುವಾಗಿ ಬಂಗಾರದ ಬಣ್ಣ.

“ಇದನ್ನ್ ಬರ್ದ್ ಕಾಣಿ,” ಎಂದಳು. “ಇದ್ ಓಡಿ ಹೋತಿಲ್ಲೆ, ವಾಸ್ನೆ ಬತ್ತಿಲ್ಲೆ, ಸೋಮವಾರವೂ ಅಡ್ಡಿಲ್ಲೆ. ಚೌತಿವರೆಗೆ ಹಾಳಾತಿಲ್ಲೆ. ಅಷ್ಟ್ ಟೈಮ್ ಸಾಕಲ್ದಾ?”

ಧಾರಾಳವಾಗಿ ಸಾಕು ಎಂದೆ. ಹಿಂದಿನಿಂದ ಮುಂದಕ್ಕೆ ಎಂಬ ನಿಯಮದಂತೆ ತೊಟ್ಟಿನಿಂದ ಶುರುಮಾಡಿದೆ. ಈ ಸಲ ಆತುರವಿರಲಿಲ್ಲ. ಆ ಬಂಗಾರದ ಬಣ್ಣ ಸೌತೆಕಾಯಿಯದೋ ಬೆಳಕಿನದೋ ಎಂದು ನೋಡುವುದರಲ್ಲೇ ಮಳೆ ಹಿಡಿಯಿತು. ಈಗ ತೊಟ್ಟು ಮುಗಿದಿದೆ, ಮೇಲಿನ ಪಟ್ಟೆಗಳು ಮುಗಿದಿವೆ, ನಡುಭಾಗ ಅರ್ಧ ಆಗಿದೆ. ಜಲಜ ದಿನಾ ಬಂದು ಚಿತ್ರ ನೋಡಿ, “ಲಾಯ್ಕ್ ಆಯಿತ್ತ್” ಎಂದು ಹೋಗುತ್ತಾಳೆ.

ನಿನ್ನೆ ಬೆಳಿಗ್ಗೆ ಸೌತೆಕಾಯಿಯ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸ್ವಲ್ಪ ಮೆತ್ತಗಾಗಿದೆ.

ಅವಳಿಗೆ ಇನ್ನೂ ಹೇಳಿಲ್ಲ. ಚೌತಿಗೆ ಬಹಳ ದಿನ ಇದೆ.