ಹದಿನಾರು ಪೆಟ್ಟು ಮತ್ತು ಒಂದು ವಾಷಿಂಗ್ ಮಷೀನು

ಐವತ್ತೆರಡನೇ ವಯಸ್ಸಿನಲ್ಲಿ ಗಂಡಸಿನ ತಲೆಯಿಂದ ಕೂದಲು ಉದುರುವುದು ಸಹಜ. ನನ್ನ ತಲೆಯಲ್ಲಿ ಮಾತ್ರ ಸಂಗೀತ ಮೊಳೆಯಿತು. ತಪ್ಪು ನನ್ನದಲ್ಲ, ತಗಡಿನದು.

ತಗಡು ನನ್ನ ಕಾಲೇಜು ಗೆಳೆಯ. ಆಗ ನಾವು ನಾಲ್ವರು ಸೇರಿ ಇಂಡಸ್ಟ್ರಿಯಲ್ ಸಂಗೀತದ ತಂಡ ಕಟ್ಟಿದ್ದೆವು. (ಕೇಳದವರಿಗೆ ಹೇಳುವುದಾದರೆ, ಕಾರ್ಖಾನೆಯೊಂದು ಸಿಟ್ಟಿಗೆದ್ದು ಹಾಡಿದಂತೆ.) ಅವನು ತಗಡು ಬಡಿಯುತ್ತಿದ್ದ (ಹೆಸರು ಬಂದದ್ದೇ ಹಾಗೆ), ನಾನು ಸಿಂಥ್ ಎಂಬ, ಯಾವ ಸದ್ದನ್ನಾದರೂ ಹುಟ್ಟಿಸುವ ವಿದ್ಯುತ್ ಹಾರ್ಮೋನಿಯಂ ನುಡಿಸುತ್ತಿದ್ದೆ. ನಮ್ಮ ಮೊದಲ ಕಛೇರಿಯೇ ಕೊನೆಯದೂ ಆಯಿತು. ಸಭಿಕರು ಕುರ್ಚಿ ತಳ್ಳಿ ಎದ್ದುಹೋದ ಸದ್ದೇ ಅಂದಿನ ಅತ್ಯುತ್ತಮ ತಾಳ. ಈಗ ತಗಡು ದಂತವೈದ್ಯ. ಅಂದರೆ ಅದೇ ಸಂಗೀತವನ್ನು ಜನರ ಬಾಯೊಳಗೆ ಮಾಡುತ್ತಾನೆ.

ತಿಂಗಳ ಹಿಂದೆ ಅವನ ಫೋನು ಬಂತು. ತಂಡ ಮತ್ತೆ ಸೇರುತ್ತಿದೆಯಂತೆ, ಒಂದೇ ಒಂದು ಕಾರ್ಯಕ್ರಮಕ್ಕೆ. ಡ್ರಮ್ಮೂ ತಳದ ದಪ್ಪ ಸ್ವರವಾದ ಬೇಸೂ ಹಳೆಯ ಪದ್ಧತಿಯಲ್ಲೇ, ನನ್ನ ಹಳೆಯ ಸಿಂಥ್‌ನಿಂದಲೇ ಹುಟ್ಟಬೇಕಂತೆ. "ಶನಿವಾರ ನಾಲ್ಕಕ್ಕೆ ಬಂದು ಕೇಳ್ತೀನಿ. ಹಿಡಿಸಿದ್ರೆ ನೀನು ವೇದಿಕೆ ಮೇಲೆ. ಇಲ್ಲಾಂದ್ರೆ ಮುಂದಿನ ಸಾಲಲ್ಲಿ ಕೂತ್ಕೊಂಡು ಚಪ್ಪಾಳೆ ತಟ್ಟು," ಎಂದ. ಇಪ್ಪತ್ತೆಂಟು ವರ್ಷ ವಿಮಾ ಕಚೇರಿಯಲ್ಲಿ ಕಡತಗಳ ಮೇಲೆ ಠಪ್ ಠಪ್ ಎಂದು ಮುದ್ರೆ ಒತ್ತಿದವನಿಗೆ ವೇದಿಕೆ ಎಂಬ ಪದ ಕೇಳಿದರೇ ಮೈ ಜುಮ್ಮೆನ್ನುತ್ತದೆ.

ಅಟ್ಟದಿಂದ ಸಿಂಥ್ ಇಳಿಯಿತು. ನನ್ನಾಕೆ ಅದನ್ನು ಹಾಲಿನಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿನ ಪಕ್ಕದ ವಾಷಿಂಗ್ ಮಷೀನಿನ ಮೂಲೆಗೆ ಗಡೀಪಾರು ಮಾಡಿದಳು. ಅಲ್ಲೇ ನನ್ನ ನಾದೋಪಾಸನೆ ಆರಂಭವಾಯಿತು. ದಪ್ಪ ಸ್ವರವೊಂದನ್ನು ಎತ್ತರದಿಂದ ಥಟ್ಟನೆ ಪಾತಾಳಕ್ಕೆ ಕೆಡವಿದರೆ ಡ್ರಮ್ಮಿನ ‘ಧಡ್’. ಕೆಟ್ಟ ರೇಡಿಯೋದಂಥ ‘ಸುಯ್’ ಸದ್ದಿನ ಕತ್ತನ್ನು ಹುಟ್ಟುತ್ತಲೇ ಹಿಸುಕಿದರೆ ‘ಟಪ್’. ಎರಡನ್ನೂ ಹಳೇ ಟೇಪ್ ರೆಕಾರ್ಡರಿನೊಳಗೆ ಅದು ತಾಳಲಾರದಷ್ಟು ಜೋರಾಗಿ ತುರುಕಿದರೆ (ತಾಳಲಾರದಾಗಲೇ ತಾಳ ಹುಟ್ಟುವುದು) ಅಂಚು ಹರಿದು ಕಬ್ಬಿಣದ ಸದ್ದಾಗುತ್ತದೆ. ಬೇಸ್‌ಗೆ ಒಂದೇ ಸ್ವರ, ಹದಿನಾರು ಪೆಟ್ಟು, ಮತ್ತೆ ಅದೇ ಹದಿನಾರು. ಕಾನ್ವೆಂಟಿನಲ್ಲಿ ನನ್ನ ಬೆರಳ ಗೆಣ್ಣಿನ ಮೇಲೆ ಮರದ ಅಡಿಪಟ್ಟಿಯಿಂದ ಈ ಲಯವನ್ನು ಮೊದಲು ಕಲಿಸಿದ ಸಿಸ್ಟರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

"ರೀ, ನಾನು ಒಂದು ಮಾತು ಎರಡು ಸಲ ಹೇಳಿದ್ರೆ ಪಿರಿಪಿರಿ ಅಂತೀರಿ. ನೀವು ಹದಿನಾರು ಸಲ ಹೇಳಿದ್ರೆ ಸಂಗೀತಾನಾ?" ಎಂದಳು ನನ್ನಾಕೆ. ನಾನು ಸ್ಪೀಕರಿನ ದನಿ ಇನ್ನಷ್ಟು ಏರಿಸಿದೆ.

ಶನಿವಾರ ಬೆಳಿಗ್ಗೆ ಅವಳು ಮಷೀನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿ ಹೋದಳು. ಅದರ ಗೊಣಗಾಟ ನನ್ನ ಬೇಸ್‌ಗೆ ಅಡ್ಡಬಂದದ್ದರಿಂದ ಮೆಲ್ಲಗೆ ನಿಲ್ಲಿಸಿದೆ. ಕೊನೆಗೂ ಶಬ್ದ ಕುದುರಿತು. ಧಡ್ ಕರ್ರ್, ಟಪ್ ಕರ್ರ್. ಅದು ತಾನಾಗಿಯೇ ತಿರುತಿರುಗಿ ಬರುವಂತೆ ಬಿಟ್ಟು ಧನ್ಯತೆಯಿಂದ ಸ್ನಾನಕ್ಕೆ ಹೋದೆ.

ಮೈ ಒರೆಸಿಕೊಂಡು ಹೊರಬಂದರೆ ಮಷೀನು ಬೆನ್ನು ಬಿಚ್ಚಿಕೊಂಡು ನಿಂತಿತ್ತು. ನನ್ನಾಕೆ ಕರೆಸಿದ್ದ ಕೆಳಗಿನ ಅಂಗಡಿಯ ಮೆಕ್ಯಾನಿಕ್ ಭುಜದವರೆಗೂ ಅದರೊಳಗೆ ಹೊಕ್ಕಿದ್ದ. ಒಳಗಿದ್ದ ಒದ್ದೆ ಬಟ್ಟೆಯೆಲ್ಲ ಬಕೆಟ್ಟಿನಲ್ಲಿ. ಮಷೀನಿನ ಮೇಲಿದ್ದ ಒಣಬಟ್ಟೆಯ ರಾಶಿ ಈಗ ನನ್ನ ಸಿಂಥ್ ಮತ್ತು ಸ್ಪೀಕರಿನ ಮೇಲೆ. ರಾಶಿಯೊಳಗಿನಿಂದ ಧಡ್ ಕರ್ರ್ ನಡೆದೇ ಇತ್ತು.

"ಮೆಟ್ಟಿಲಲ್ಲೇ ಕೇಳಿಸ್ತು ಮೇಡಂ, ಬೇರಿಂಗ್ ಹೋಗಿದೆ," ಎನ್ನುತ್ತಿದ್ದ ಅವನು. "ಪ್ಲಗ್ ಕಿತ್ರೂ ನಿಲ್ತಿಲ್ಲ ನೋಡಿ. ಇಷ್ಟು ಮುಂದುವರಿದ ಕೇಸು ನಾನು ನೋಡೇ ಇಲ್ಲ."

ಸದ್ದು ನನ್ನದೆಂದು ಒಪ್ಪಿಕೊಂಡರೆ ನಾಲ್ಕು ಗಂಟೆಗೆ ಮೊದಲೇ ಸಿಂಥ್ ಕಿಟಕಿಯಿಂದ ಹಾರುತ್ತದೆ. ಲುಂಗಿ ಹುಡುಕುವವನಂತೆ ರಾಶಿಯೊಳಗೆ ಕೈ ಹಾಕಿ ಸ್ವಿಚ್ ಒತ್ತಿದೆ. ಅದೇ ಕ್ಷಣಕ್ಕೆ ಅವನು ಬೋಲ್ಟೊಂದನ್ನು ಕಿತ್ತ. ಮನೆ ನಿಶ್ಶಬ್ದವಾಯಿತು. "ಇವನೇ ಕಳ್ಳ," ಎಂದು ಬೋಲ್ಟನ್ನು ಎತ್ತಿ ತೋರಿಸಿದ. ಎಲ್ಲ ಮತ್ತೆ ಜೋಡಿಸಿದಾಗ ನೆಲದ ಮೇಲೆ ಇನ್ನೂ ಮೂರು ಬೋಲ್ಟು ಉಳಿದಿದ್ದವು. ಅವು ಮೊದಲಿನಿಂದಲೂ ಹೆಚ್ಚುವರಿ ಎಂದು ಸಮಾಧಾನ ಹೇಳಿದ.

ನಾಲ್ಕಕ್ಕೆ ತಗಡು ಬಂದ. ಕಣ್ಣು ಮುಚ್ಚಿ, ದವಡೆ ಆಡಿಸುತ್ತ ನನ್ನ ಶಬ್ದವನ್ನು ಕೇಳಿದ. ನನ್ನೆದೆಯೂ ಹದಿನಾರರ ಲೆಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು.

"ಚೆನ್ನಾಗಿದೆ ಕಣೋ," ಎಂದ. "ಆದ್ರೆ ಕಟ್ಟಿಸಿದ ಹಲ್ಲು. ಹುಟ್ಟಿದ ಹಲ್ಲಲ್ಲ."

ಅಷ್ಟರಲ್ಲಿ ನನ್ನಾಕೆ ಬಕೆಟ್ಟಿನ ಬಟ್ಟೆಯನ್ನು ಮಷೀನಿಗೆ ಹಾಕಿ ಗುಂಡಿ ಒತ್ತಿದಳು. ಆಗ ಹೊರಟಿತು ನೋಡಿ ರುದ್ರನಾದ. ಮಷೀನು ಎರಡು ಕಾಲಿನ ಮೇಲೆ ಎದ್ದು, ಗೋಡೆಗೆ ಹಣೆ ಚಚ್ಚಿ, ಕಬ್ಬಿಣ ಅಗಿದು ಉಗುಳಿತು. ತಗಡಿನ ಕಣ್ಣಲ್ಲಿ ನೀರು. "ಇದನ್ನ ಮಾಡಿದ್ದು ಯಾರು?" ಎಂದ. ನನ್ನಾಕೆ ಮೆಕ್ಯಾನಿಕ್ ಎಂದಳು. ಅವನನ್ನು ಈಗಲೇ ಕರೆಸಬೇಕೆಂದ ತಗಡು.

ನನ್ನೊಳಗಿನ ಕಲಾವಿದ ಅಲ್ಲೇ ಕೆಟ್ಟ. "ಲೋ, ಆ ಮೆಕ್ಯಾನಿಕ್ಕೇ ನನ್ನ ಸಿಂಥ್ ಕೇಳಿ ಮಷೀನು ಕೆಟ್ಟಿದೆ ಅಂದ್ಕೊಂಡು ಬಿಚ್ಚಿದ್ದು. ಇದಕ್ಕಿಂತ ಸರ್ಟಿಫಿಕೇಟು ಬೇಕಾ?" ಎಂದುಬಿಟ್ಟೆ.

ತಗಡಿಗೆ ಅದು ನಾಟಲಿಲ್ಲ. ನನ್ನಾಕೆಗೆ ಚೆನ್ನಾಗಿ ನಾಟಿತು. "ಹಾಗಾದ್ರೆ ಮಷೀನು ಸರಿಯಾಗೇ ಇತ್ತು," ಎಂದು ಬಹಳ ಮೆಲ್ಲಗೆ ಹೇಳಿದಳು.

ಈಗ ಮೆಕ್ಯಾನಿಕ್ ತಂಡದ ಸದಸ್ಯ. ಮಷೀನೂ ಸದಸ್ಯೆ. ಕಾರ್ಯಕ್ರಮ ಮುಗಿಯುವವರೆಗೆ ಅದನ್ನು ಯಾರೂ ರಿಪೇರಿ ಮಾಡಕೂಡದೆಂದು ತಗಡು ಕೇಳಿಕೊಂಡ; ಆಗಲಿ, ಬಟ್ಟೆಯ ಚಿಂತೆ ಬೇಡ ಎಂದು ನನ್ನಾಕೆ ಕೂಡಲೇ ಒಪ್ಪಿದಳು. ಮೂರು ವಾರದಿಂದ ನಾನು ಬಚ್ಚಲಿನಲ್ಲಿ ಕೂತು ಮೊಣಕೈವರೆಗೆ ನೊರೆ ಬಳಿದುಕೊಂಡು ನೆಲಕ್ಕೆ ಬಟ್ಟೆ ಬಡಿಯುತ್ತಿದ್ದೇನೆ. ಶ್ರೋತೃ ಒಬ್ಬಳೇ, ಅಡುಗೆಮನೆಯಲ್ಲಿ.

"ರೀ, ಹದಿಮೂರೇ ಆಯ್ತು," ಎಂಬ ದನಿ ಬರುತ್ತದೆ. "ಆ ಕಾಲರಿಗೆ ಇನ್ನೂ ಮೂರು ಬಾಕಿ."