ವರ್ನರನ ಟ್ರ್ಯಾಕ್ಟರಿಗೆ ಬಿಸಿ ಕೂಡಿಸಿದ್ದು

"ಹನ್ನೊಂದು ವರ್ಷದಲ್ಲಿ ವರ್ನರ್ ಮಾಡದೇ ಹೋದದ್ದನ್ನ ನಾನು ಮೂರೇ ದಿನದಲ್ಲಿ ಮಾಡಿ ತೋರಿಸ್ತೀನಿ!" ಎಂದು ಟೌನೊ ಅಡುಗೆಮನೆಯ ನಡುವೆ ನಿಂತು ಘೋಷಿಸಿದ. ಸಭೆಯಲ್ಲಿದ್ದವಳು ಹೆಂಡತಿ ಹೆಲ್ಮಿ ಒಬ್ಬಳೇ. ಅವಳು ಕಾಲುಚೀಲ ಹೆಣೆಯುತ್ತಿದ್ದಳು.

"ಸತ್ತವನ ಜೊತೆ ಪಂದ್ಯ ಕಟ್ಟೋದು ಸುಲಭ ಬಿಡು. ಎದ್ದು ಬಂದು ನಗೋದಿಲ್ಲವಲ್ಲ."

ಬಂದು ನಕ್ಕಿದ್ದರೆ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನ್ನಿಸಿತು.

ಪಕ್ಕದ ಮನೆಯ ಗೆಳೆಯ ವರ್ನರ್ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ಸುಪೀರಿಯರ್ ಸರೋವರದ ದಡದಲ್ಲಿ, ಫಿನ್ಲೆಂಡಿನಿಂದ ವಲಸೆ ಬಂದವರ ಆ ಊರಲ್ಲಿ ಹಿಮ ಆಳೆತ್ತರ ಬೀಳುತ್ತದೆ. ಹನ್ನೊಂದು ವರ್ಷ, ಪ್ರತಿ ಚಳಿಗಾಲ, ವರ್ನರ್ ಟ್ರ್ಯಾಕ್ಟರಿನಿಂದ ತನ್ನ ಅಂಗಳದ ಹಿಮ ತಳ್ಳಿ, ಹಾಗೇ ಬಂದು ಟೌನೊನ ಅಂಗಳದ್ದನ್ನೂ ತಳ್ಳಿಕೊಡುತ್ತಿದ್ದ. ಈಗ ಅವನ ಹೆಂಡತಿ ಸೈಮಾ ಆ ಪುಟ್ಟ ತೋಟದ ಟ್ರ್ಯಾಕ್ಟರನ್ನು ಟೌನೊಗೆ ಕೊಟ್ಟಿದ್ದಳು. ಇನ್ನು ಮುಂದೆ ಎರಡೂ ಅಂಗಳ ನನ್ನ ಪಾಲಿನದು ಎಂದು ಇವನು ಮಾತು ಕೊಟ್ಟಿದ್ದ. ಅಡ್ಡ ಬಂದದ್ದು ಇವನ ಎದೆ. ಹಿಂದಿನ ವರ್ಷ ನ್ಯುಮೋನಿಯಾ ಆಗಿತ್ತು.

"ಒಂದೇ ಒಂದು ಸಲ ಕೆಮ್ಮಿಕೊಂಡು ಒಳಗೆ ಬಾ," ಹೆಲ್ಮಿ ಹೆಣಿಗೆ ಕಡ್ಡಿಯನ್ನು ಅವನತ್ತ ಚಾಚಿದಳು. "ಅವತ್ತೇ ಟ್ರ್ಯಾಕ್ಟರ್ ಮಾರಿ, ಹಿಮ ತೆಗೆಯೋಕೆ ಆಳು ಇಡ್ತೀನಿ."

ವರ್ನರನ ಹೆಂಡತಿಯ ಅಂಗಳಕ್ಕೆ ಬಾಡಿಗೆಯ ಆಳೇ! ಟೌನೊ ಅಂದೇ ಸ್ಪ್ಯಾನರ್ ಹಿಡಿದ.

ಯೋಜನೆ ಸರಳ. ಟ್ರ್ಯಾಕ್ಟರಿನ ಕ್ಯಾಬಿನ್ನಿಗೆ ಗಾಜಿತ್ತು, ಬಾಗಿಲಿತ್ತು, ಬಿಸಿ ಮಾತ್ರ ಇರಲಿಲ್ಲ. ಎಂಜಿನ್ನನ್ನು ತಣಿಸುವ ನೀರು ತಾನು ಸುಡುಸುಡು ಕಾದು, ಆ ಶಾಖವನ್ನೆಲ್ಲ ರೇಡಿಯೇಟರಿನ ಮೂಲಕ ಆಕಾಶಕ್ಕೆ ದಾನ ಮಾಡುತ್ತಿತ್ತು. ಅದೇ ನೀರನ್ನು ಎರಡು ರಬ್ಬರ್ ಪೈಪುಗಳಲ್ಲಿ ಒಳಗೆ ಕರೆತಂದು, ಇನ್ನೊಂದು ರೇಡಿಯೇಟರಿನಲ್ಲಿ ಸುತ್ತಿಸಿ, ಹಿಂದೊಂದು ಫ್ಯಾನ್ ಇಟ್ಟರಾಯಿತು.

ಟೌನೊ ಆರಿಸಿದ ಹಳೆಯ ರೇಡಿಯೇಟರು ನೋಡಿ ಗುಜರಿಯವನು ತಲೆ ಕೆರೆದುಕೊಂಡ. "ಇದು ಲಾರಿಯ ಹೀಟರ್ ಕಣಯ್ಯಾ. ನಿನ್ನ ಕ್ಯಾಬಿನ್ನು ಬೀರುವಿನಷ್ಟಿದೆ."

"ಬಿಸಿ ಹೆಚ್ಚಾಯ್ತು ಅಂತ ಗೋಳಾಡಿದ ಫಿನ್ನನನ್ನ ಎಲ್ಲಾದರೂ ನೋಡಿದ್ದೀಯಾ?"

ನೋಡಿರಲಿಲ್ಲ. ಶನಿವಾರ ಬಂತೆಂದರೆ ಸೌನಾ ಎಂಬ ಹಬೆಮನೆಯ ಕಾದ ಕಲ್ಲಿಗೆ ನೀರೆರಚಿ, ಹಬೆಯಲ್ಲಿ ಬೆಂದು, ಹೊರಗೋಡಿ ಹಿಮದಲ್ಲಿ ಹೊರಳುವ ಕುಲ ಅದು. ಹಾಗಾಗಿ ಟೌನೊ ಫ್ಯಾನಿಗೆ ಸ್ವಿಚ್ಚನ್ನೇ ಇಡಲಿಲ್ಲ. ಬಿಸಿನೀರು ತಡೆಯುವ ವಾಲ್ವನ್ನು ಹೊರಗೆ, ಬಾನೆಟ್ಟಿನ ಕೆಳಗೆ ಕೂರಿಸಿದ. ಬಿಸಿ ಸಾಕೆನ್ನುವುದು ಬೇಸಿಗೆಯ ಮಾತು!

ಆ ಶನಿವಾರ ವರ್ನರನ ಹುಟ್ಟುಹಬ್ಬ. ಸೈಮಾ ಹನ್ನೊಂದಕ್ಕೆ ಅವನ ನೆನಪಿನಲ್ಲಿ ಹತ್ತು ಜನರನ್ನು ಕಾಫಿಗೆ ಕರೆದಿದ್ದಳು. ಅವಳ ಅಂಗಳದಲ್ಲಿ ಸೊಂಟದೆತ್ತರ ಹಿಮ. ಒಂಬತ್ತಕ್ಕೆ ಟೌನೊ ಎಂಜಿನ್ ಶುರು ಮಾಡಿದ. ಫ್ಯಾನು ಮುಖಕ್ಕೆ ಮಂಜುಗಡ್ಡೆಯಂಥ ಗಾಳಿ ಊದಿತು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ! ಗಾಳಿ ಮೇಲೇರಿ ಹೊರಬರಲೆಂದು ಟ್ರ್ಯಾಕ್ಟರಿನ ಮೂತಿಯನ್ನು ಹಿಮದ ದಿಬ್ಬಕ್ಕೆ ಹತ್ತಿಸಿ, ರೇಡಿಯೇಟರಿನ ಮುಚ್ಚಳ ತೆಗೆದ. ಗುಳುಗುಳು ಎಂದು ಗಾಳಿಯೆಲ್ಲ ಹೊರಟುಹೋಯಿತು. ನೀರು ತುಂಬಿಸಿ, ಮುಚ್ಚಳ ಬಿಗಿದು, ಒಳಗೆ ಕೂತು ಬಾಗಿಲು ಹಾಕಿಕೊಂಡ.

ಬಿಸಿ ಬಂತು. ಆಹಾ! ಟೌನೊ ಟೋಪಿ ತೆಗೆದ.

ಇನ್ನೂ ಬಂತು. ಕೋಟು ತೆಗೆದ. ಹತ್ತು ಗಂಟೆಗೆ ಸ್ವೆಟರೂ ಉಣ್ಣೆಯಂಗಿಯೂ ಹೋದವು. ವಾಲ್ವ್ ಮುಚ್ಚೋಣವೆಂದು ಬಾಗಿಲು ತಳ್ಳಿದರೆ ಅದು ಅಲುಗಲೇ ಇಲ್ಲ. ಒಳಗಿನ ಶಾಖಕ್ಕೆ ಚಾವಣಿಯ ಹಿಮ ಕರಗಿ, ಬಾಗಿಲ ಸಂದಿಗಿಳಿದು, ಅಲ್ಲೇ ಗಡ್ಡೆಕಟ್ಟಿತ್ತು! ಎಂಜಿನ್ ನಿಲ್ಲಿಸಬಹುದಿತ್ತು. ಆದರೆ ಇನ್ನೂ ಅರ್ಧ ಅಂಗಳ ಬಾಕಿ. ಆ ಚಳಿಯಲ್ಲಿ ಮತ್ತೆ ಶುರುವಾಗದಿದ್ದರೆ? ಪ್ಯಾಂಟೂ ಹೋಯಿತು. ವರ್ನರನ ಅಂಗಳಕ್ಕಾಗಿ ಟೌನೊ ಬೆಂದ.

ಹನ್ನೊಂದಕ್ಕೆ ಸರಿಯಾಗಿ ಕೊನೆಯ ಹಿಮ ತಳ್ಳಿ, ಎಂಜಿನ್ ಆರಿಸಿ, ಎರಡೂ ಕಾಲೆತ್ತಿ ಬಾಗಿಲಿಗೆ ಒದ್ದ. ಉದ್ದನೆಯ ಒಳಚಡ್ಡಿಯೊಂದರಲ್ಲೇ, ಆವಿಯಾಡುತ್ತ ಹೊರಗುರುಳಿ, ಹಾಯೆನ್ನಿಸಿ ಹಿಮದಲ್ಲಿ ಎರಡು ಸಲ ಹೊರಳಿದ. ಕಣ್ಣು ಬಿಟ್ಟರೆ ಮೇಲೆ ಹತ್ತು ಮುಖ, ನಡುವೆ ಪಾದ್ರಿಗಳು. ಒಬ್ಬರೂ ಗಾಬರಿಯಾಗಿರಲಿಲ್ಲ.

"ಒಳ್ಳೇ ಹಬೆ ಬಂದಿದೆ," ಪಾದ್ರಿಗಳು ಕ್ಯಾಬಿನ್ನಿನೊಳಗೆ ಕೈಚಾಚಿ ನೋಡಿದರು. "ಇನ್ನೊಬ್ಬರಿಗೆ ಜಾಗ ಇದೆಯೇನಪ್ಪಾ?"

ಏಲಕ್ಕಿ ಬ್ರೆಡ್ಡು ಹಿಡಿದ ಹೆಲ್ಮಿ ಜನರನ್ನು ಸರಿಸಿ ಮುಂದೆ ಬಂದಳು. "ಕೆಮ್ಮು ಬಂತಾ?"

"ಬೆವರು ಬಂತು."

"ಹಾಗಾದರೆ ಟ್ರ್ಯಾಕ್ಟರ್ ಇರಲಿ. ಪ್ಯಾಂಟ್ ಹಾಕ್ಕೋ."

ಕಾಫಿಯ ಹೊತ್ತಿಗೆ ಮೈಗೆ ಬಟ್ಟೆ ಬಂದು, ಜಂಬವೂ ಮರಳಿತ್ತು. "ನೋಡು ಸೈಮಾ, ಹನ್ನೊಂದು ವರ್ಷದಲ್ಲಿ ನಿನ್ನ ಗಂಡನ ಕೈಲಿ ಆಗದ್ದು!"

ಸೈಮಾ ಎದ್ದು ನೆಲಮಾಳಿಗೆಯಿಂದ ಒಂದು ಪೆಟ್ಟಿಗೆ ತಂದಿಟ್ಟಳು. ಒಳಗೆ ಆ ಕ್ಯಾಬಿನ್ನಿಗೇ ಅಳತೆ ಮಾಡಿದ ಹೊಸ ಹೀಟರು, ಪೈಪು, ವಾಲ್ವ್, ಮೂರು ವೇಗದ ಸ್ವಿಚ್ಚು. ಒಂದನ್ನೂ ಬಿಚ್ಚಿರಲಿಲ್ಲ.

"ಟ್ರ್ಯಾಕ್ಟರಿನ ಜೊತೇಲೇ ತಂದಿದ್ದ. ಯಾಕೆ ಹಾಕ್ಕೊಳ್ಳಲ್ಲ ಅಂತ ಬೈದರೆ, 'ನಂಗೆ ಬೆಚ್ಚಗಾಗಿಬಿಟ್ಟರೆ, ಮೈ ಕಾಯಿಸ್ಕೊಳ್ಳೋಕೆ ಅಂತ ಟೌನೊ ಮನೆ ಒಳಗೆ ಹೋಗಿ ಒಂದು ಗಂಟೆ ಕೂರೋದು ಹೇಗೆ?' ಅಂದ."

ಟೌನೊ ಸ್ವಿಚ್ಚನ್ನು ಕೈಗೆತ್ತಿಕೊಂಡ. ಮರುದಿನ ಲಾರಿಯ ಹೀಟರು ಬಿಚ್ಚಿ, ವರ್ನರನದನ್ನು ಕೂರಿಸಿದ.

ಮಂಗಳವಾರ ಮತ್ತೆ ಹಿಮ ಬಿತ್ತು. ವರ್ನರನ ಹೀಟರು ಹದವಾಗಿ ಊದುತ್ತಿತ್ತು. ಟೌನೊ ಸೈಮಾಳ ಅಂಗಳ ಮುಗಿಸಿದ, ಬಾಗಿಲೆದುರು ನಿಲ್ಲಿಸಿದ. ಕೈ ಬೆಚ್ಚಗಿತ್ತು, ಕಾಲು ಬೆಚ್ಚಗಿತ್ತು. ಇಳಿಯಲು ಒಂದು ನೆಪವೂ ಹೊಳೆಯದೆ ಹಾಗೇ ಕೂತಿದ್ದ.

ಬಾಗಿಲು ತೆರೆದು ಸೈಮಾ ಕೂಗಿದಳು: "ಏನಯ್ಯಾ, ಚಳಿಯಾಗಲಿ ಅಂತ ಕಾಯ್ತಿದ್ದೀಯಾ? ಒಳಗೆ ಬಾ, ಕಾಫಿಗೆ ಆಗಲೇ ಚಳಿಯಾಯ್ತು!"